ಮೂರನೇ ಕಂಡಿಕೆಯ ಕೃಪೆ

ದುಡ್ಡಿನ ವಸ್ತು ಮಾರಿದರೆ ಜನ ಬೆಲೆ ಕೇಳುತ್ತಾರೆ. ಫ್ರೀ ವಸ್ತು ಮಾರಿ ನೋಡಿ, ನಿಮ್ಮ ಜಾತಕವನ್ನೇ ಕೇಳುತ್ತಾರೆ. ನನ್ನನ್ನು ಹೀಗೆ ವಾರಕ್ಕೊಬ್ಬರಾದರೂ ವಿಚಾರಿಸಿಕೊಳ್ಳದೆ ಬಿಟ್ಟಿಲ್ಲ. ಯಾರೂ ಬಾರದ ವಾರವೊಂದು ಬಂದರೆ ನನಗೇ ಏನೋ ಕಳೆದುಕೊಂಡ ಹಾಗೆ ಆದೀತು.

ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಗುಜರಿಗೆ ಹೊರಟ ಲ್ಯಾಪ್‌ಟಾಪ್‌ಗಳನ್ನು ದಾರಿಯಲ್ಲಿ ತಡೆದು ನಿಲ್ಲಿಸುವುದು ನನ್ನ ಕಸುಬು. ಅವುಗಳಿಗೆ ನಾನು ಹಾಕುವುದು ಓಪನ್ ಸೋರ್ಸ್ ಸಾಫ್ಟ್‌ವೇರ್. ಅಂದರೆ ಎಲ್ಲೆಲ್ಲಿಯದೋ ಊರಿನ ಜನ ಸೇರಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಇಂಟರ್ನೆಟ್‌ನಲ್ಲಿ ಇಟ್ಟಿರುವಂಥದ್ದು. ಅದನ್ನೇ ಪೆನ್‌ಡ್ರೈವ್‌ಗೆ ತುಂಬಿಸಿ, ಮೆನು ಎಲ್ಲ ಕನ್ನಡದಲ್ಲಿ ಬರುವ ಹಾಗೆ ಮಾಡಿ, ಹಾಕಿಕೊಳ್ಳುವ ಕ್ರಮವನ್ನು ಹದಿನಾರು ಪುಟದ ಕೈಪಿಡಿಯಾಗಿ ನಾನೇ ಬರೆದು, ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಮಾರುತ್ತೇನೆ.

ಗಂಡ ಬೆನ್ನುನೋವು ಹಿಡಿದು ಗಲ್ಫ್ ಕೆಲಸ ಬಿಟ್ಟು ಬಂದ ಮೇಲೆ ಮನೆ ನಡೆಯುವುದು ಈ ಅಂಗಡಿಯಿಂದ, ಅಂಗಡಿ ನಡೆಯುವುದು ಈ ಪೆನ್‌ಡ್ರೈವ್‌ನಿಂದ. ಇಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಸಾಂಬಾರಿನ ಕೊಡಪಾನ

ಮೊದಲು ವಿಚಾರಣೆಗೆ ಬಂದವರು ನಮ್ಮ ರಸ್ತೆಯ ಒಬ್ಬ ಹೋಟೆಲ್ ಧಣಿ. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವ ಮೊದಲೇ ಶುರು ಮಾಡಿದರು.

"ಅಕ್ಕ, ಇದು ಇಂಟರ್ನೆಟ್‌ನಲ್ಲಿ ಫ್ರೀ ಸಿಗ್ತದಂತಲ್ಲ?"

"ಸಿಗ್ತದೆ ಅಣ್ಣ."

"ಮತ್ತೆ ಐನೂರು ಎಂತಕ್ಕೆ?"

"ಪೆನ್‌ಡ್ರೈವ್‌ಗೆ, ಪುಸ್ತಕಕ್ಕೆ, ಮತ್ತೆ ನಿಮಗೆ ಗೊತ್ತಾಗದೆ ಫೋನ್ ಮಾಡಿದಾಗ ನಾನು ಉತ್ತರ ಕೊಡ್ಲಿಕ್ಕೆ."

"ಫೋನ್ ನಾನು ಮಾಡುದಿಲ್ಲ. ಪುಸ್ತಕ ಬೇಡ. ಫ್ರೀದು ಮಾತ್ರ ಕೊಡಿ."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಯಾವ ವೆಬ್‌ಸೈಟಿಗೆ ಹೋಗಬೇಕು, ಯಾವ ಗುಂಡಿ ಒತ್ತಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಚೀಟಿ ಫ್ರೀಯೇ. ಅವರು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗೆದ್ದವರ ಹಾಗೆ ಇಳಿದು ಹೋದರು.

ನಾಲ್ಕನೇ ದಿನ ಮತ್ತೆ ಬಂದರು. ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು, ಅದರ ಪರದೆ ಕಪ್ಪಗಿತ್ತು, ಅವರ ಮುಖವೂ ಹೆಚ್ಚುಕಡಿಮೆ ಹಾಗೇ ಇತ್ತು.

"ಎಂತ ಆಯ್ತು ಅಣ್ಣ?"

"ಫ್ರೀ ತಗೊಂಡೆ," ಅಂದರು.

ಒಂದು ಗಂಟೆ ಕೂತು ಸರಿ ಮಾಡಿ ಕೊಟ್ಟೆ. ಪರದೆಯಲ್ಲಿ ಬೆಳಕು ಬಂತು, ಅದರ ಜೊತೆಗೆ ಧಣಿಗಳ ಹಳೆಯ ಹುಮ್ಮಸ್ಸೂ ಬಂತು. ನಾನು ಐನೂರು ಹೇಳಿದ ಕೂಡಲೇ, "ಅಲ್ಲ ಅಕ್ಕ, ಸಾಫ್ಟ್‌ವೇರ್ ಫ್ರೀ ಅಲ್ವಾ?" ಎಂದು ಮತ್ತೆ ಮೊದಲಿನಿಂದ ಎತ್ತಿಕೊಂಡರು.

"ಅಣ್ಣ, ನಿಮ್ಮ ಹೋಟೆಲ್‌ನಲ್ಲಿ ಇಡ್ಲಿಗೆ ಸಾಂಬಾರ್ ಫ್ರೀ ಅಲ್ವಾ?"

"ಹೌದು. ಎಷ್ಟು ಸಲ ಕೇಳಿದ್ರೂ ಹಾಕ್ತೇವೆ. ನಮ್ಮಲ್ಲಿ ಇಲ್ಲ ಅಂತ ಹೇಳುದಿಲ್ಲ."

"ಹಾಗಾದ್ರೆ ನಾಳೆ ಬೆಳಿಗ್ಗೆ ನಾನೊಂದು ಕೊಡಪಾನ ತಗೊಂಡು ಬರ್ತೇನೆ. ನನಗೆ ಇಡ್ಲಿ ಬೇಡ."

ಧಣಿಗಳು ಕಿಸೆಗೆ ಕೈ ಹಾಕಿದರು. ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. ಅರ್ಧ ಮೆಟ್ಟಿಲು ಇಳಿದವರು ತಿರುಗಿ ಬಂದು ಬಾಗಿಲಲ್ಲಿ ತಲೆ ಹಾಕಿ, "ಅಕ್ಕ, ಆ ಕೊಡಪಾನದ ಐಡಿಯಾ ಹೊರಗೆ ಯಾರಿಗೂ ಹೇಳ್ಬೇಡಿ," ಅಂದರು.

ಹಪ್ಪಳದ ಪ್ರಾಯಶ್ಚಿತ್ತ

ಹೊರಗಿನವರನ್ನು ಸಾಂಬಾರಿನಲ್ಲಿ ಗೆಲ್ಲಬಹುದು, ಮನೆಯವರನ್ನು ಹೇಗೆ ಗೆಲ್ಲುವುದು? ನಮ್ಮ ಮನೆ ಬೋಳಾರದಲ್ಲಿ. ಪಾರ್ಸೆಲ್ ಕಟ್ಟುವುದು ಅಲ್ಲಿಯೇ, ಕಟ್ಟುವವರು ನನ್ನ ಅತ್ತೆ. ತುಳುವಿನಲ್ಲಿ ನಾವು ಮಾಮಿ ಅನ್ನುತ್ತೇವೆ. ಮಾಮಿಗೆ ಕಂಪ್ಯೂಟರ್ ಗೊತ್ತಿಲ್ಲ, ಪಾಪಪುಣ್ಯ ಚೆನ್ನಾಗಿ ಗೊತ್ತು.

ಒಂದು ದಿನ ಪಾರ್ಸೆಲ್ ಅಂಟಿಸುತ್ತಾ ಕೇಳಿದರು, "ಅಲ್ಲ ಮಾರಾಯ್ತಿ, ಇದನ್ನು ಮಾಡಿದವರು ದುಡ್ಡು ತಗೊಳ್ಳಲಿಲ್ಲ ಅಂತ ನೀನೇ ಹೇಳಿದ್ದು. ಧರ್ಮಕ್ಕೆ ಕೊಟ್ಟದ್ದನ್ನು ಮಾರಿದ್ರೆ ನಮಗೆ ತಟ್ಟುದಿಲ್ವಾ?"

"ಮಾರಬಹುದು ಅಂತ ಅವರೇ ಲೈಸೆನ್ಸಿನಲ್ಲಿ ಬರೆದು ಕೊಟ್ಟಿದ್ದಾರಂತೆ ಮಾಮಿ."

"ಅವರು ಬರೆದಿರಬಹುದು. ಮೇಲಿನವರು ಬರೆದಿದ್ದಾರಾ?"

ಈ ಪ್ರಶ್ನೆಗೆ ಉತ್ತರ ಕೊಡುವ ಲೈಸೆನ್ಸ್ ಇನ್ನೂ ಬಂದಿಲ್ಲ. ಮಾಮಿ ಅದಕ್ಕಾಗಿ ಕಾಯಲೂ ಇಲ್ಲ. ತಾವು ಬೇಸಿಗೆಯಲ್ಲಿ ಮಾಡಿ ಡಬ್ಬಿಯಲ್ಲಿಟ್ಟ ಹಲಸಿನ ಹಪ್ಪಳವನ್ನು ತೆಗೆದು, ಪಾರ್ಸೆಲ್ಲಿಗೆ ಆರರಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪೆನ್‌ಡ್ರೈವಿನ ಅಡಿಯಲ್ಲಿ ಇಡತೊಡಗಿದರು. ಧರ್ಮದ್ದನ್ನು ಮಾರಿದ ಪಾಪ ಧರ್ಮಕ್ಕೆ ಕೊಟ್ಟ ಹಪ್ಪಳದಲ್ಲಿ ವಜಾ ಆಗುತ್ತದೆ ಎಂಬುದು ಅವರ ತೀರ್ಮಾನ. ನನಗೆ ಹೇಳಲೂ ಇಲ್ಲ.

ನನಗೆ ಗೊತ್ತಾದದ್ದು ಗ್ರಾಹಕರ ಅಭಿಪ್ರಾಯ ಓದಿದಾಗ. "ತುಂಬಾ ಗರಿಗರಿಯಾಗಿದೆ, ಐದು ಸ್ಟಾರ್," ಎಂದು ಒಬ್ಬರು ಬರೆದಿದ್ದರು. ಸಾಫ್ಟ್‌ವೇರ್ ಹೇಗೆ ಗರಿಗರಿಯಾಯಿತು ಎಂದು ನನಗೆ ಅರ್ಥವಾಗಲಿಲ್ಲ. ಮುಂದಿನವರು ಬಿಡಿಸಿ ಬರೆದಿದ್ದರು: "ಪೆನ್‌ಡ್ರೈವ್ ಇನ್ನೂ ಹಾಕಿ ನೋಡಿಲ್ಲ. ಹಪ್ಪಳ ಖಾಲಿಯಾಯಿತು."

ಆಮೇಲೆ ಒಬ್ಬ ಹೆಂಗಸು ಫೋನ್ ಮಾಡಿ, ನಮ್ಮಲ್ಲಿ ಕಂಪ್ಯೂಟರೇ ಇಲ್ಲ, ನೂರು ಹಪ್ಪಳ ಮಾತ್ರ ಕಳಿಸಬಹುದೇ, ಎಷ್ಟಾಗುತ್ತದೆ ಎಂದು ಕೇಳಿದರು. ನಾನು ಫೋನನ್ನು ಮಾಮಿಯ ಕೈಗೆ ಕೊಟ್ಟೆ. ಸ್ವಂತ ಹಲಸು, ಸ್ವಂತ ಬೆವರು, ಯಾವ ತಕರಾರೂ ಇಲ್ಲದ ಮಾಲು. ಮಾಮಿ ಗಟ್ಟಿ ಸ್ವರದಲ್ಲಿ ಹೇಳಿದರು, "ಹಪ್ಪಳ ಮಾರುದಿಲ್ಲಮ್ಮ, ಅದು ಫ್ರೀ. ನಾವು ಮಾರುವುದು ಫ್ರೀ ಸಾಫ್ಟ್‌ವೇರ್ ಮಾತ್ರ."

ಕುಣಿದದ್ದು, ಕುಳಿತದ್ದು

ನಮ್ಮ ಕಟ್ಟಡದಲ್ಲೇ ಕೆಳಗೆ ಒಂದು ಮೊಬೈಲ್ ಅಂಗಡಿ ಉಂಟು. ಅದರ ಯಜಮಾನ ನನ್ನಿಂದ ಒಂದು ಪೆನ್‌ಡ್ರೈವ್ ಕೊಂಡುಕೊಂಡ. ಒಂದೇ ಒಂದು. ಎರಡನೇ ವಾರದಲ್ಲಿ ಅವನ ಗಾಜಿನ ಕಪಾಟಿನಲ್ಲಿ ಅಂಥವೇ ಇಪ್ಪತ್ತು ಸಾಲಾಗಿ ಕುಳಿತಿದ್ದವು, ಬೆಲೆ ಮುನ್ನೂರು.

ನನ್ನ ಮೈಯೆಲ್ಲ ಉರಿಯಿತು. ಮೇಲೆ ಓಡಿ ಬಂದು, ಇವನ ಮೇಲೆ ಕೇಸು ಹಾಕುತ್ತೇನೆ ಎಂದು ತೀರ್ಮಾನಿಸಿ, ಯಾವ ನಿಯಮದ ಪ್ರಕಾರ ಹಾಕಬಹುದು ಎಂದು ಸಾಫ್ಟ್‌ವೇರಿನ ಲೈಸೆನ್ಸ್ ತೆಗೆದೆ. ಪ್ರತಿ ಪ್ಯಾಕೆಟಿನಲ್ಲೂ ಇಂಗ್ಲಿಷಿನ ಮೂಲ, ಜೊತೆಗೆ ಸಾಫ್ಟ್‌ವೇರಿನೊಂದಿಗೇ ಬರುವ, ಅದರ ಸಾರಾಂಶ ಕನ್ನಡದಲ್ಲಿರುವ ಒಂದು ಹಾಳೆ, ಎರಡನ್ನೂ ನಾನು ಹಾಕುತ್ತೇನೆ. ಹಾಕಲೇಬೇಕೆಂದು ಕೇಳಿ ಗೊತ್ತಿತ್ತು. ಸತ್ಯ ಹೇಳುತ್ತೇನೆ, ಅಲ್ಲಿಯವರೆಗೆ ನಾನೂ ಅದನ್ನು ಪೂರ್ತಿ ಓದಿರಲಿಲ್ಲ. ಪ್ರಿಂಟ್ ತೆಗೆಯುವುದು, ಮಡಚುವುದು, ಒಳಗೆ ತುರುಕುವುದು, ಅಷ್ಟೇ.

ಕನ್ನಡದ ಹಾಳೆಯಲ್ಲಿ ಒಂದೊಂದು ಪ್ಯಾರಾಕ್ಕೂ ಕಂಡಿಕೆ ಒಂದು, ಕಂಡಿಕೆ ಎರಡು ಎಂದು ನಂಬರ್ ಇತ್ತು. ಮೂರನೇ ಕಂಡಿಕೆ ಹೀಗಿತ್ತು: "ಈ ತಂತ್ರಾಂಶದ ಪ್ರತಿಯನ್ನು ನೀವು ನಿಮಗೆ ಇಷ್ಟಬಂದ ಬೆಲೆಗೆ ಮಾರಬಹುದು." ನಾಲ್ಕನೆಯದು: "ನಿಮ್ಮಿಂದ ಕೊಂಡವರಿಗೂ ನಕಲು ಮಾಡುವ, ಮಾರುವ ಅದೇ ಹಕ್ಕು ಇರುತ್ತದೆ. ಅವರನ್ನು ನೀವು ತಡೆಯುವಂತಿಲ್ಲ."

ಮೂರನೆಯದನ್ನು ಓದಿ ಕುಣಿದೆ. ನಾಲ್ಕನೆಯದನ್ನು ಓದಿ ಕುಳಿತೆ.

ಆದರೆ ಐದನೆಯದು ನನ್ನ ಮಾನ ಉಳಿಸಿತು. ಮಾರುವವರು ಈ ಲೈಸೆನ್ಸನ್ನು ಜೊತೆಗೆ ಕೊಡಬೇಕು, ಸಾಫ್ಟ್‌ವೇರಿನ ಮೂಲ ಕೋಡ್ ಕೇಳಿದವರಿಗೆ ಅದನ್ನೂ ಕೊಡಬೇಕು ಎಂದಿತ್ತು. ಕೆಳಗಿನವನು ಖರ್ಚು ಉಳಿಸಲು ಹಾಳೆಗಳನ್ನೇ ಕೈಬಿಟ್ಟಿದ್ದ. ನಾನು ಇಳಿದು ಹೋಗಿ, ಹಾಳೆ ಹಾಕದಿದ್ದರೆ ನಿನ್ನ ಮಾರಾಟ ಕಾನೂನಿಗೆ ವಿರುದ್ಧ, ಹಾಕಿದರೆ ನನಗೆ ಸಂತೋಷ ಎಂದು ಹೇಳಿ ಬಂದೆ. ಅವನು ಹೆದರಿ ಇಪ್ಪತ್ತಕ್ಕೂ ಹಾಕಿದ.

ನಿಜವಾದ ಗೆಲುವು ಆಮೇಲೆ ಬಂತು. ಕೈಪಿಡಿಯನ್ನೂ ಅವನು ಕಣ್ಣುಮುಚ್ಚಿ ಛಾಪಿಸಿದ್ದ. ಅದರ ಕೊನೆಯ ಪುಟದಲ್ಲಿ "ಸಂಶಯವಿದ್ದರೆ ಫೋನ್ ಮಾಡಿ" ಎಂದು ನನ್ನ ನಂಬರ್ ಇತ್ತು. ಅವನಿಂದ ಕೊಂಡವರೆಲ್ಲ ಫೋನ್ ಮಾಡಿದ್ದು ನನಗೆ, ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದು ನನ್ನ ಅಂಗಡಿಗೆ. ಒಂದು ತಿಂಗಳಾದ ಮೇಲೆ ಅವನೇ ಬಂದು ಕೇಳಿದ, "ಅಕ್ಕ, ನನ್ನ ಗಿರಾಕಿಗಳೆಲ್ಲ ಮಾಲು ತಗೊಂಡು ಸೀದಾ ಮೇಲೆ ಬರ್ತಾರಲ್ಲ, ಎಂತಕ್ಕೆ?"

"ಕೊನೆಯ ಪುಟ ಓದಿದ್ದೀಯಾ?"

"ಪುಸ್ತಕ ಮಾರುವವ ಪುಸ್ತಕ ಓದ್ಲಿಕ್ಕೆ ಉಂಟಾ ಅಕ್ಕ?" ಅಂದ.

ಎರಡು ಎಂಬಿಯೊಳಗೆ

ಇಷ್ಟೆಲ್ಲ ನಗುವಾಗ ಒಂದು ಬೆಳಿಗ್ಗೆ, ನಾನು ಮಾಲು ಮಾರಲು ಖಾತೆ ತೆರೆದಿದ್ದ ಆನ್‌ಲೈನ್ ಕಂಪನಿಯಿಂದ ಮೇಲ್ ಬಂತು. ನಿಮ್ಮ ಪೆನ್‌ಡ್ರೈವ್ ಬಗ್ಗೆ ಒಬ್ಬ ಹಕ್ಕುದಾರರಿಂದ ದೂರು ಬಂದಿದೆ, ಮಾರಾಟ ನಿಲ್ಲಿಸಿದ್ದೇವೆ, ಹತ್ತು ದಿನಗಳೊಳಗೆ ಹಕ್ಕುದಾರರ ಅನುಮತಿ ಪತ್ರ ಕೊಡದಿದ್ದರೆ ನಿಮ್ಮ ಖಾತೆಯನ್ನೇ ಶಾಶ್ವತವಾಗಿ ಮುಚ್ಚುತ್ತೇವೆ. ದೂರು ಕೊಟ್ಟವರ ಹೆಸರು, ಫೋನ್ ನಂಬರ್ ಕೆಳಗಿತ್ತು, ಊರು ಸುರತ್ಕಲ್.

ಖಾತೆ ಹೋದರೆ ಅಂಗಡಿ ಹೋದಂತೆ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡ ಗಂಡ ಮತ್ತೆ ಗಲ್ಫಿನ ಮಾತೆತ್ತಿದರು, ಅದನ್ನು ಕೇಳುವುದೇ ನನಗೆ ಕಷ್ಟವಾಯಿತು. ಪಾರ್ಸೆಲ್ಲಿಗೆ ಆರರ ಬದಲು ಎಂಟು ಹಪ್ಪಳ ಹಾಕಬೇಕಿತ್ತು ಎಂಬುದು ಮಾಮಿಯ ಮುಖದಲ್ಲೇ ಕಾಣುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬಳು ಬಹಳ ಮರ್ಯಾದೆಯ ಹುಡುಗಿ ಇದ್ದಳು.

"ಮೇಡಂ, ಈ ಸಾಫ್ಟ್‌ವೇರಿನ ಮಾಲೀಕರ ಅನುಮತಿ ಪತ್ರ ಬೇಕು, ಸಹಿ ಮತ್ತು ಸೀಲ್ ಇರಬೇಕು."

"ಮಾರಬಹುದು ಅಂತ ಲೈಸೆನ್ಸ್‌ನಲ್ಲೇ ಉಂಟು. ಮೂರನೇ ಕಂಡಿಕೆ. ಕಳಿಸ್ಲಾ?"

"ಅದರಲ್ಲಿ ಸೀಲ್ ಇದೆಯಾ ಮೇಡಂ?"

"ಇಲ್ಲ."

"ಹಾಗಾದರೆ ಮಾಲೀಕರ ಪತ್ರವೇ ಬೇಕು ಮೇಡಂ."

"ಇದಕ್ಕೆ ಒಬ್ಬ ಮಾಲೀಕ ಅಂತ ಇಲ್ಲಮ್ಮ. ಬರೆದವರೆಲ್ಲ ಮಾಲೀಕರೇ."

"ಒಟ್ಟು ಎಷ್ಟು ಜನ ಮೇಡಂ?"

"ಸಾವಿರಗಟ್ಟಲೆ ಇದ್ದಾರೆ. ಬೇರೆ ಬೇರೆ ದೇಶದಲ್ಲಿ. ಕೆಲವರು ತೀರಿಹೋಗಿರಲಿಕ್ಕೂ ಸಾಕು."

ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಅದೇ ಮರ್ಯಾದೆಯ ಸ್ವರದಲ್ಲಿ ಅವಳು ಹೇಳಿದಳು, "ಪರವಾಗಿಲ್ಲ ಮೇಡಂ. ಎಲ್ಲರ ಸಹಿಯನ್ನೂ ಒಂದೇ ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಿ. ಎರಡು ಎಂಬಿ ಮೀರದ ಹಾಗೆ ನೋಡಿಕೊಳ್ಳಿ."

ಒಳ್ಳೆಯ ಕನ್ನಡ

ಸಾವಿರಗಟ್ಟಲೆ ಜನರನ್ನು ಹಿಡಿಯುವುದಕ್ಕಿಂತ ಸುರತ್ಕಲ್‌ನ ಒಬ್ಬರನ್ನು ಹಿಡಿಯುವುದು ಸುಲಭ ಎಂದು ದೂರುದಾರರಿಗೇ ಫೋನ್ ಮಾಡಿದೆ. ನಿವೃತ್ತ ಹೈಸ್ಕೂಲ್ ಮಾಷ್ಟ್ರು, ಕನ್ನಡ ಪಾಠ ಮಾಡಿದವರು. ನಾನು ಇಂಥವಳು ಎಂದ ಕೂಡಲೇ, "ಫೋನ್‌ನಲ್ಲಿ ಮಾತಾಡುವ ವಿಷಯ ಅಲ್ಲ ಇದು, ನಾನೇ ಬರ್ತೇನೆ," ಎಂದು ಇಟ್ಟುಬಿಟ್ಟರು. ಮರುದಿನ ಹತ್ತು ಗಂಟೆಗೆ ಸಿಟಿ ಬಸ್ಸಿಳಿದು, ಕೊಡೆ ಊರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ನಾನು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ನೀರು ಕುಡಿದರು, ಕುರ್ಚಿಯಲ್ಲಿ ಕೂರಲಿಲ್ಲ.

"ನಿಮ್ಮ ಪೆನ್‌ಡ್ರೈವ್ ನಾನು ತರಿಸಿದ್ದೇನೆ. ಅದರಲ್ಲಿ ಮೆನು ಕನ್ನಡದಲ್ಲಿ ಬರ್ತದಲ್ಲ, 'ಕಡತ', 'ಉಳಿಸು', 'ಹಿಂದಿರುಗು', ಅದೆಲ್ಲ ಯಾರದ್ದು ಗೊತ್ತುಂಟಾ? ನನ್ನದು. ಎರಡು ಬೇಸಿಗೆ ರಜೆ ಕೂತು ಅನುವಾದ ಮಾಡಿದ್ದು. ನನ್ನ ಹಳೆಯ ಶಿಷ್ಯನೊಬ್ಬ ಕೇಳಿದ, ಭಾಷೆಯ ಕೆಲಸ ಅಂತ ಒಂದು ಪೈಸೆ ಮುಟ್ಟದೆ ಮಾಡಿ ಕೊಟ್ಟೆ. ಆ ಸಾಫ್ಟ್‌ವೇರಿನವರು ನನಗೆ ಕೊಟ್ಟ ಪ್ರಮಾಣಪತ್ರ ಕಂಪನಿಗೂ ಕಳಿಸಿದ್ದೇನೆ. ನಾನು ಧರ್ಮಕ್ಕೆ ಕೊಟ್ಟದ್ದನ್ನು ನೀವು ಐನೂರಕ್ಕೆ ಮಾರುದು ಎಂತ ನ್ಯಾಯ?"

ಮಾಮಿಯೇ ಗಂಡಸಿನ ವೇಷದಲ್ಲಿ ಬಂದ ಹಾಗಾಯಿತು. ಆದರೆ ಅವರ ಮಾತಿನಲ್ಲಿದ್ದ ನೋವು ಸುಳ್ಳಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

"ಮಾಷ್ಟ್ರೇ, ಪ್ಯಾಕೆಟಿನ ಒಳಗೆ ಒಂದು ಕನ್ನಡದ ಹಾಳೆ ಇತ್ತಲ್ಲ, ಅದನ್ನು ಓದಿದ್ದೀರಾ?"

ಮಾಷ್ಟ್ರು ಮೊದಲ ಸಲ ತುಸು ತಡವರಿಸಿದರು. "ಆ ಹಾಳೆಯಾ? ಹಪ್ಪಳ ಬಂದಿತ್ತಲ್ಲ, ಅದನ್ನು ಕರಿದು ಆ ಹಾಳೆಯ ಮೇಲೆ ಇಟ್ಟದ್ದು. ಎಣ್ಣೆ ಒಳ್ಳೆ ಹೀರ್ತದೆ ಆ ಕಾಗದ."

ನಾನು ಹೊಸದೊಂದು ಹಾಳೆ ತೆಗೆದು ಕೊಟ್ಟೆ. ಮಾಷ್ಟ್ರು ಕನ್ನಡಕ ಹಾಕಿ, ಆಗ ಕುರ್ಚಿಯಲ್ಲಿ ಕುಳಿತು, ತರಗತಿಗೆ ಓದಿ ಹೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದರು. ಒಂದನೇ ಕಂಡಿಕೆ ಮುಗಿಯಿತು. ಎರಡನೆಯದೂ ಮುಗಿಯಿತು. "ಈ ತಂತ್ರಾಂಶದ ಪ್ರತಿಯನ್ನು ನೀವು ನಿಮಗೆ ಇಷ್ಟಬಂದ ಬೆಲೆಗೆ ಮಾರಬಹುದು" ಎಂದು ಓದಿ ನಿಂತರು. ಅದೇ ಸಾಲನ್ನು ಮತ್ತೊಮ್ಮೆ, ಈ ಸಲ ಮೆಲ್ಲಗೆ ಓದಿದರು.

"ಅರ್ಥಕ್ಕೆ ನಾನು ಒಪ್ಪುದಿಲ್ಲ," ಅಂದರು ಕೊನೆಗೆ. "ಆದರೆ ವಾಕ್ಯ ಚೆನ್ನಾಗಿ ಉಂಟು. ಗೊಂದಲಕ್ಕೆ ಜಾಗ ಇಲ್ಲ. ಕಾನೂನಿನ ವಿಷಯವನ್ನು ಇಷ್ಟು ಒಳ್ಳೆಯ ಕನ್ನಡದಲ್ಲಿ ಬರೆಯುವವರು ಈಗ ಸಿಗುದಿಲ್ಲ. ಯಾರ ಅನುವಾದ ಇದು?"

ನನಗೆ ಗೊತ್ತಿರಲಿಲ್ಲ. ಹಾಳೆ ತಿರುಗಿಸಿದೆ. ಲೆಕ್ಕವಿಲ್ಲದಷ್ಟು ಪ್ರಿಂಟ್ ತೆಗೆದಿದ್ದೇನೆ, ಹಿಂಬದಿಯ ಅಡಿಯಲ್ಲಿದ್ದ ಸಣ್ಣಕ್ಷರದ ಸಾಲನ್ನು ಒಂದು ದಿನವೂ ನೋಡಿದವಳಲ್ಲ. "ಕನ್ನಡಕ್ಕೆ:" ಎಂದು ಅಲ್ಲೊಂದು ಹೆಸರಿತ್ತು, ಪಕ್ಕದಲ್ಲಿ ಊರೂ ಇತ್ತು. ಓದಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಬೆರಳಿಟ್ಟು ತೋರಿಸಿದೆ.

ಮಾಷ್ಟ್ರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೆಸರು ಅವರದ್ದೇ, ಊರು ಸುರತ್ಕಲ್ಲೇ. ಕೆಳಗೆ ರಸ್ತೆಯಲ್ಲಿ ಎರಡು ಬಸ್ಸುಗಳ ಕಂಡಕ್ಟರುಗಳು ಪ್ರಯಾಣಿಕರಿಗಾಗಿ ಜಗಳಾಡುವುದು ಅಂಗಡಿಯೊಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಹೌದು," ಅಂದರು ಮಾಷ್ಟ್ರು. "ಮೆನು ಮುಗಿದ ಮೇಲೆ ಅವ ಇದನ್ನೂ ಕಳಿಸಿದ್ದ. ಅನುವಾದ ಮಾಡಿದ್ದು ನಾನೇ. ಓದಿದ್ದು ಇವತ್ತೇ."

ನಾನು ನಗು ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಮಾಷ್ಟ್ರು ಒಂದು ಕ್ಷಣ ಗಂಭೀರವಾಗಿದ್ದು ತಾವೂ ನಕ್ಕರು. ನಗು ನಿಂತ ಮೇಲೆ ನನಗೊಂದು ವಿಷಯ ಹೊಳೆಯಿತು. ಕಂಪನಿಗೆ ಬೇಕಾದದ್ದು ಹಕ್ಕುದಾರರ ಪತ್ರ. ಆ ಸಾವಿರಗಟ್ಟಲೆ ಜನರಲ್ಲಿ ಹಕ್ಕುದಾರ ಎಂದು ಕಂಪನಿ ಒಪ್ಪಿಕೊಂಡದ್ದು ಒಬ್ಬರನ್ನೇ. ಅವರು ನನ್ನೆದುರು ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅಂಗಡಿ ಮುಚ್ಚಿಸಲು ಬಂದ ದೂರೇ ಅವರ ಅಧಿಕಾರಕ್ಕೆ ಸಾಕ್ಷಿ.

"ಮಾಷ್ಟ್ರೇ, ಒಂದು ಪತ್ರ ಕೊಡ್ತೀರಾ?"

"ಕೊಡ್ಲೇಬೇಕಲ್ಲ. ನಾನೇ ಬರೆದದ್ದಕ್ಕೆ ನಾನೇ ವಿರೋಧ ಮಾಡ್ಲಿಕ್ಕೆ ಆಗ್ತದಾ?"

"ಸೀಲ್ ಬೇಕಂತೆ."

"ಉಂಟು," ಎಂದು ಮಾಷ್ಟ್ರು ಚೀಲಕ್ಕೆ ಕೈ ಹಾಕಿದರು. ತಮ್ಮ ಕಾಲೋನಿಯ ನಿವಾಸಿಗಳ ಸಂಘಕ್ಕೆ ಅವರು ಕಾರ್ಯದರ್ಶಿ, ಸೀಲನ್ನು ಎಲ್ಲಿಗೆ ಹೋದರೂ ಬಿಟ್ಟು ಹೋಗುವವರಲ್ಲ. ಇದಕ್ಕೂ ಅದಕ್ಕೂ ಎಂತ ಸಂಬಂಧ ಎಂದು ನಾನು ಕೇಳಲಿಲ್ಲ. ಕಂಪನಿಯೂ ಕೇಳಲಿಲ್ಲ.

ನಾನು ಅರ್ಧ ಪುಟದ ಪತ್ರ ಟೈಪ್ ಮಾಡಿ ಮುಂದಿಟ್ಟೆ. ಮಾಷ್ಟ್ರು ಅದನ್ನು ಒಮ್ಮೆ ಓದಿದರು. ಎರಡನೇ ಸಲ ಓದಿದರು. ಮೂರನೇ ಸಲ ಶುರು ಮಾಡಿದಾಗ ನನಗೆ ಗಾಬರಿಯಾಯಿತು.

"ಎಂತ ಮಾಷ್ಟ್ರೇ, ತಪ್ಪು ಉಂಟಾ?"

"ತಪ್ಪಿಲ್ಲ. ಸಹಿ ಹಾಕುವ ಮೊದಲು ಓದುದು ಅಭ್ಯಾಸ ಮಾಡ್ತಾ ಇದ್ದೇನೆ."

ಒಂಬತ್ತನೇ ದಿನ ಖಾತೆ ಮತ್ತೆ ತೆರೆಯಿತು. ಮನೆಯಲ್ಲಿ ಗಲ್ಫಿನ ಮಾತು ನಿಂತಿತು, ಮಾಮಿ ಹಪ್ಪಳವನ್ನು ಎಂಟಕ್ಕೆ ಏರಿಸಿದರು. ತೆರೆದ ಗಂಟೆಯೊಳಗೆ ಮೊದಲ ಆರ್ಡರ್ ಬಂತು. ಹತ್ತು ಪೆನ್‌ಡ್ರೈವ್, ಸುರತ್ಕಲ್‌ಗೆ. ಕಾಲೋನಿಯವರಿಗೆಲ್ಲ ಹಂಚಲಿಕ್ಕಂತೆ. ಕೆಳಗೆ ಗ್ರಾಹಕರ ಸಂದೇಶ ಎಂಬ ಚೌಕದಲ್ಲಿ ಒಂದು ಸಾಲು: "ಅನುವಾದಕರಿಗೆ ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಆಗ್ತದಾ?"

ನಾನು ಉತ್ತರ ಬರೆದೆ: "ದಯವಿಟ್ಟು ಮೂರನೇ ಕಂಡಿಕೆ ನೋಡಿ ಮಾಷ್ಟ್ರೇ. ನನಗೆ ಇಷ್ಟಬಂದ ಬೆಲೆಗೆ ಮಾರಬಹುದು ಅಂತ ಯಾರೋ ಬಹಳ ಒಳ್ಳೆಯ ಕನ್ನಡದಲ್ಲಿ ಬರೆದಿದ್ದಾರೆ."